ಬಿಎ ಸೆಟ್ (ಹೊಗೆ, ವಿಷಗಾಳಿ ಇರೋ ಕಡೆ ಉಸಿರಾಡೋಕೆ ಹಾಕ್ಕೊಳೋ ಗಾಳಿ ಸಿಲಿಂಡರ್ ಮತ್ತೆ ಮಾಸ್ಕ್) ಇರೋ ಕಡೆ ಕೆಲ್ಸ ಮಾಡೋರು ಸ್ವಲ್ಪ ಓದಿ

ಮಾಚೇನಹಳ್ಳಿ ಕಡೆ ಫ್ಯಾಕ್ಟ್ರಿಲಿ ಸೇಫ್ಟಿ ಕೆಲ್ಸ ನಂದು. ಮಳೆ ಹಿಡ್ಕೊಂಡಿದೆ, ನಮ್ ಮಲೆನಾಡಲ್ಲಿ ಗೋಡೆಗೇ ಬೂಷ್ಟು ಬರುತ್ತೆ, ಇನ್ನು ಪೆಟ್ಟಿಗೆಲಿ ಒದ್ದೆ ಇಟ್ಟಿರೋ ಮಾಸ್ಕ್ ಕತೆ ಕೇಳ್ಬೇಕಾ? ನಾನೂ ಒಂದ್ಸಲ ಹಂಗೇ ಇಟ್ಟು ಮುಚ್ಚಳ ತೆಗ್ದಾಗ ವಾಸ್ನೆಗೆ ತಲೆ ತಿರುಗಿತ್ತು. ಉಗುರುಬೆಚ್ಚಗಿನ ಸೋಪ್ ನೀರಲ್ಲಿ ತೊಳ್ದು ನೆರಳಲ್ಲೇ ಒಣಗ್ಸಿ, ಒಲೆ ಹತ್ರ ಬೇಡ, ರಬ್ಬರ್ ಹಾಳಾಗುತ್ತೆ.

ಹಾಕ್ಕೊಳೋ ಮುಂಚೆ ಸಿಲಿಂಡರ್ ವಾಲ್ವ್ ಪೂರ್ತಿ ಓಪನ್ ಮಾಡಿ ಗೇಜಲ್ಲಿ ಒತ್ತಡ ಎಷ್ಟು ಬಾರ್ ಇದೆ ನೋಡಿ, ಆಮೇಲೆ ಕ್ಲೋಸ್ ಮಾಡಿ ಒಂದ್ನಿಮಿಷ ಕಾಯಿರಿ, ಮುಳ್ಳು 10 ಬಾರ್‌ಗಿಂತ ಜಾಸ್ತಿ ಇಳಿದ್ರೆ ಎಲ್ಲೋ ಲೀಕ್ ಇದೆ ಅಂತ, ಆ ಸೆಟ್ ಪಕ್ಕಕ್ಕಿಡಿ. ಗಾಳಿ ನಿಧಾನಕ್ಕೆ ಬಿಟ್ರೆ 50-55 ಬಾರ್ ಹತ್ರ, ಗಾಳಿ ಕಮ್ಮಿಯಾಯ್ತು ಅಂತ ಎಚ್ಚರಿಸೋ ವಿಷಲ್ ಕೂಗ್ಬೇಕು. ಪರೀಕ್ಷೆ ಆದ್ಮೇಲೆ ವಾಲ್ವ್ ಮತ್ತೆ ಓಪನ್ ಮಾಡೋದು ಮರೀಬೇಡಿ ಮಾರಾಯ್ರೆ!

6.8 ಲೀಟರ್ ಸಿಲಿಂಡರ್ 300 ಬಾರ್ ಫುಲ್ ಇದ್ರೆ ಹತ್ತಿರತ್ತಿರ 2000 ಲೀಟರ್ ಗಾಳಿ, ನಿಮಿಷಕ್ಕೆ 40 ಲೀಟರ್ ಉಸಿರಾಡೋ ಲೆಕ್ಕಕ್ಕೆ 50 ನಿಮಿಷ ಅಂತಾರೆ, ಆದ್ರೆ ಏದುಸಿರು ಬಿಡ್ತಾ ಭಾರ ಎಳೀವಾಗ ಅರ್ಧ ಗಂಟೆ ಬಂದ್ರೆ ಪುಣ್ಯ. ವಿಷಲ್ ಕೂಗೋವರ್ಗೂ ಒಳಗೆ ಇರ್ಬೇಡಿ, ವಾಪಸ್ ಬರೋಕೂ ಗಾಳಿ ಬೇಕಲ್ವಾ.

ಗಡ್ಡ ಇದ್ರೆ ಸೀಲ್ ಕೂರಲ್ಲ, ಬೇಜಾರಾದ್ರೂ ಬೋಳಿಸ್ಲೇಬೇಕು. ಹಾಂ, ಸಿಲಿಂಡರ್ ಒಳಗಿರೋದು ಆಕ್ಸಿಜನ್ ಅಲ್ಲ, ಬರೀ ಶುದ್ಧ ಗಾಳಿ. ಆಕ್ಸಿಜನ್ ತುಂಬಿಸ್ಕೊಂಡು ಬರ್ತೀನಿ ಅಂತ ಯಾರಾದ್ರೂ ಹೊರಟ್ರೆ ಅಲ್ಲೇ ತಡೀರಿ, ಬೆಂಕಿ ಹತ್ರ ಅದು ಅಪಾಯ. ಸಿಲಿಂಡರ್ ಮೇಲಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ಮಾಡೋ ಪರೀಕ್ಷೆ) ತಾರೀಕೂ ನೋಡ್ಕೊಳಿ.