ಜೇಬು ಸಣ್ಣದು, ಓಡಿಸೋ ಚಪಲ ದೊಡ್ಡದು: ಸೆಕೆಂಡ್ ಹ್ಯಾಂಡ್ ಹಾಟ್ ಹ್ಯಾಚ್ ಕೊಂಡ ನನ್ನ ಅನುಭವ

ಹಾಟ್ ಹ್ಯಾಚ್ ಅಂದರೆ ಜೋರಾಗಿ ಓಡಿಸಲೆಂದೇ ಮಾಡಿದ, ಬಲವಾದ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಅಂಥದ್ದು ಬೇಕು ಅಂತ ಮೊದಲು ನೋಡಲು ಹೋದ ಕಾರಿನ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

ಹಿಂದಿನ ರಾತ್ರಿಯೇ ಫೋನ್ ಮಾಡಿ, "ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಕೇಳಿಕೊಂಡಿದ್ದೆ. "ಮುಟ್ಟೋದೇ ಇಲ್ಲ ಸರ್" ಅಂದಿದ್ದ ಕಾರು ಮಾರುವ ಹುಡುಗ. ಈಗ ಕೇಳಿದರೆ, "ದಾರಿಗೆ ಅಡ್ಡ ಇತ್ತು, ಸ್ವಲ್ಪ ಪಕ್ಕಕ್ಕೆ ಹಾಕಿದೆ" ಅಂತಾನೆ. ನಾಲ್ಕು ಮಾರು ಪಕ್ಕಕ್ಕೆ ಹಾಕಿದ ಕಾರಿನ ಬಾನೆಟ್ ಹಾಗೆ ಕಾಯುವುದಿಲ್ಲ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ಮಾತು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದ ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ಎಂಜಿನ್ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡುಬಿಡುತ್ತದೆ. ವಾಲ್ವುಗಳನ್ನು ಎಂಜಿನ್ನಿನ ತಾಳಕ್ಕೆ ಕುಣಿಸುವ ಟೈಮಿಂಗ್ ಚೈನ್ ಜೋತುಬಿದ್ದಿದ್ದರೆ ಗಲಗಲ ಸದ್ದು ಬರುತ್ತದೆ. ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ಸೈಲೆನ್ಸರಿನಿಂದ ಒಂದು ಗುಕ್ಕು ನೀಲಿ ಹೊಗೆ ಬಂದು ಮಾಯವಾಗುತ್ತದೆ. ಬಿಳಿ ಆವಿ ಬಂದರೆ ಹೆದರಬೇಕಿಲ್ಲ, ಚಳಿಯಲ್ಲಿ ಎಲ್ಲ ಕಾರಿಗೂ ಬರುತ್ತದೆ. ಆದರೆ ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಹೊಡೆದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಒಳಗೆ ಉರಿಯುತ್ತಿದೆ ಅಂತ ಲೆಕ್ಕ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನಿನಲ್ಲಿ ಆ ಮೊದಲ ಕ್ಷಣಗಳು ಆಗಲೇ ಕಳೆದುಹೋಗಿರುತ್ತವೆ.

ಹಾಗಿದ್ದರೂ ಬಂದದ್ದಾಗಿದೆ ಅಂತ ಪೂರ್ತಿ ನೋಡಿದೆ. ಕಾರು ಚೆನ್ನಾಗಿಯೇ ಇತ್ತು, ಕಣ್ಣಿಗೆ. ಟರ್ಬೊ (ಹೆಚ್ಚು ಗಾಳಿ ಒತ್ತಿ ತುಂಬುವ ಪಂಪು) ಇರುವ ಎಂಜಿನ್, ಸುಮಾರು 180 ಅಶ್ವಶಕ್ತಿ, ಫಳಫಳ ಹೊಳೆಯುವ ಚಕ್ರಗಳು. "ಏನೂ ಮಾಡಿಫೈ ಮಾಡಿಲ್ಲ, ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ" ಅಂದ. ಬಾನೆಟ್ ಎತ್ತಿ ನೋಡಿದರೆ ಏರ್ ಫಿಲ್ಟರ್ ಡಬ್ಬಿ ಕಂಪನಿಯದೇ, ಸರಿ. ಆದರೆ ಅದರ ಮೇಲೆ ಧೂಳೇ ಇಲ್ಲ, ಸುತ್ತಲಿನ ಎಲ್ಲದರ ಮೇಲೂ ಎರಡು ವರ್ಷದ ಧೂಳು. ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಕ್ಲಾಂಪ್ ಬಿಗಿದಿದ್ದ ಹಳೆಯ ಗುರುತು ಒಂದು ಕಡೆ, ಕ್ಲಾಂಪ್ ಈಗ ಇರುವುದು ಅದಕ್ಕಿಂತ ಒಂದು ಬೆರಳು ಆಚೆ. ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರು. ಅಂದರೆ ಬೇರೆ ಏನೋ ಹಾಕಿದ್ದರು, ಮಾರುವ ಮುಂಚೆ ಕಳಚಿ ಕಂಪನಿಯದನ್ನು ವಾಪಸ್ ಕೂರಿಸಿದ್ದಾರೆ. ಕಳಚಿದ್ದು ತಪ್ಪಲ್ಲ. ಅದನ್ನು ಹಾಕಿಕೊಂಡು ಎಷ್ಟು ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ, ಏರಿಸಿ ಎಷ್ಟು ದಿನ ಓಡಿಸಿದರು ಅನ್ನುವುದು ಯಾವ ಕಾಗದದಲ್ಲೂ ಇರುವುದಿಲ್ಲ, ತಲೆನೋವು ಅದು.

ಕೊನೆಗೆ ಸ್ಕ್ಯಾನರ್ ಸಿಕ್ಕಿಸಿದೆ. ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರ್ ಓದಲು ಓಬಿಡಿ ಸಾಕೆಟ್ ಇರುತ್ತದಲ್ಲ, ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ನೋಡುವ ಸಣ್ಣ ಅಡಾಪ್ಟರ್ ಅದು, ದುಬಾರಿಯೇನಲ್ಲ. ಎರರ್ ಕೋಡ್ ಒಂದೂ ಇರಲಿಲ್ಲ. ಹೊಸಬರು ಇಲ್ಲಿಗೆ ಖುಷಿಪಟ್ಟು ಅಡಾಪ್ಟರ್ ಕಿತ್ತುಬಿಡುತ್ತಾರೆ. ಅದರ ಪಕ್ಕದಲ್ಲೇ ರೆಡಿನೆಸ್ ಮಾನಿಟರ್ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇವುಗಳನ್ನೆಲ್ಲ ಕಾರು ತಾನೇ ಪರೀಕ್ಷೆ ಮಾಡಿ ಮುಗಿಸಿದೆಯೋ ಇಲ್ಲವೋ ಅಂತ ತೋರಿಸುವ ಪಟ್ಟಿ. ಯಾರಾದರೂ ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ, ಮತ್ತೆ ತುಂಬಲು ಕೆಲವು ದಿನಗಳ ಓಡಾಟ ಬೇಕು. ಇಲ್ಲಿ ಹೆಚ್ಚುಕಮ್ಮಿ ಎಲ್ಲವೂ 'ಮುಗಿದಿಲ್ಲ' ಅಂತಿತ್ತು. ಕೇಳಿದೆ. "ನಿನ್ನೆ ಬ್ಯಾಟರಿ ಬದಲಾಯಿಸಿದೆ ಸರ್." ಬ್ಯಾಟರಿ ತೆಗೆದರೂ ಹೀಗಾಗಬಹುದು, ನಿಜ. ಆದರೆ ಆ ಬ್ಯಾಟರಿಯ ತಂತಿ ತುದಿಯಲ್ಲಿ ಹೂವಿನ ಹಾಗೆ ಅರಳಿಕೊಂಡಿದ್ದ ಹಸಿರು ಕಿಲುಬು ನಿನ್ನೆಯದಾಗಿರಲಿಲ್ಲ.

ನಮಸ್ಕಾರ ಹೇಳಿ ಹೊರಟೆ.

ಮನೆಗೆ ಬಂದ ಮೇಲೆ ನಿಧಾನವಾಗಿ ಯೋಚನೆ ಮಾಡಿದೆ. ನನಗೆ ಬೇಕಾದದ್ದು 180 ಅಶ್ವಶಕ್ತಿಯೋ, ತಿರುವಿನಲ್ಲಿ ಬರುವ ಖುಷಿಯೋ? ಈ ಹಾಟ್ ಹ್ಯಾಚ್ ಅನ್ನುವ ಜಾತಿಗೆ ಹೆಸರು ತಂದುಕೊಟ್ಟ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1976ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕಿದ್ದದ್ದು 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ತೂಕ ಸುಮಾರು 810 ಕಿಲೊ. ಟನ್ನಿಗೆ ಲೆಕ್ಕ ಹಾಕಿದರೆ 136 ಅಶ್ವಶಕ್ತಿ. ನಾನು ಬಿಟ್ಟುಬಂದ ಕಾರಿನ ತೂಕ ಹತ್ತಿರಹತ್ತಿರ 1,300 ಕಿಲೊ, ಟನ್ನಿಗೆ 138. ಇಷ್ಟೇ ವ್ಯತ್ಯಾಸ! ಉಳಿದ ಶಕ್ತಿಯೆಲ್ಲ ತನ್ನ ಮೈಭಾರ ಹೊರಲಿಕ್ಕೇ ಹೋಗುತ್ತದೆ. ಆ ಭಾರವನ್ನು ನಿಲ್ಲಿಸಲು ದೊಡ್ಡ ಬ್ರೇಕ್, ರಸ್ತೆಗೆ ಹಿಡಿದಿಡಲು ಅಗಲದ ಟೈರ್. ಸವೆದಾಗ ಬಿಲ್ಲು ನನಗೆ.

ಹಾಗಾಗಿ ಹುಡುಕಾಟದ ದಿಕ್ಕು ಬದಲಾಯಿತು. ಹಗುರ ಇರಬೇಕು, ಟರ್ಬೊ ಇಲ್ಲದಿದ್ದರೂ ಪರವಾಗಿಲ್ಲ, ಮ್ಯಾನುಯಲ್ ಗೇರ್ ಬೇಕೇ ಬೇಕು. 2011ರ ಕೊನೆಯಿಂದ ಬಂದ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ಕಣ್ಣಿಗೆ ಬಿತ್ತು. 1.6 ಲೀಟರ್, 6,900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 136 ಅಶ್ವಶಕ್ತಿ, ಆರು ಗೇರು, 1,050 ಕಿಲೊ ಆಸುಪಾಸು. ಟನ್ನಿಗೆ 130ರ ಹತ್ತಿರ. ಟೈಮಿಂಗ್ ಬೆಲ್ಟ್ ಬದಲು ಚೈನ್, ಆದ್ದರಿಂದ ಇಂತಿಷ್ಟು ಕಿಲೊಮೀಟರಿಗೆ ಬೆಲ್ಟ್ ಬದಲಾಯಿಸುವ ಖರ್ಚಿಲ್ಲ. ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗದೆ ವಾಲ್ವಿನ ಹಿಂದೆ ಸಿಂಪಡಣೆಯಾಗುವ ಹಳೆಯ ಪದ್ಧತಿ, ಹಾಗಾಗಿ ವಾಲ್ವ್ ತಾನೇ ತೊಳೆದುಕೊಳ್ಳುತ್ತಿರುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕೂರುವ ಮಸಿಯನ್ನು ತೆಗೆಸುವ ಕೆಲಸವೂ ಉಳಿಯಿತು.

ದುಡ್ಡಿನ ಲೆಕ್ಕವನ್ನು ಆಗಲೇ ಬರೆದಿಟ್ಟುಕೊಂಡೆ. ಕೈಯಲ್ಲಿರುವುದು ನೂರು ಪಾಲು ಅಂದುಕೊಂಡರೆ ಕಾರಿಗೆ 75 ಮೀರುವ ಹಾಗಿಲ್ಲ. ಮಿಕ್ಕ 25 ಹೆಸರು ಬದಲಾವಣೆ, ಇನ್ಶೂರೆನ್ಸ್, ಮೊದಲ ವರ್ಷದ ರಿಪೇರಿಗೆ. ಇನ್ಶೂರೆನ್ಸಿನ ಮೊತ್ತವನ್ನು ಕಾರು ನೋಡುವುದಕ್ಕೂ ಮುಂಚೆಯೇ ವಿಚಾರಿಸಿ. 'ಸ್ಪೋರ್ಟ್' ಅನ್ನುವ ಒಂದು ಪದಕ್ಕೆ ಅವರು ಹಾಕುವ ರೇಟು ಕೇಳಿ ನನಗೆ ಒಂದು ದಿನ ಊಟ ಸೇರಲಿಲ್ಲ.

ಎರಡನೆಯ ಕಾರಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆಲೆ ಕಡಿಮೆ ಯಾಕೆ ಅಂತ ನೋಡಿದ ಐದು ನಿಮಿಷದಲ್ಲೇ ತಿಳಿಯಿತು. ಬಾನೆಟ್ ಮತ್ತು ಮುಂದಿನ ಫೆಂಡರಿನ ಬೋಲ್ಟುಗಳ ಬಣ್ಣ ಸ್ಪ್ಯಾನರಿನಿಂದ ಕಿತ್ತಿತ್ತು, ಒಂದು ಕಡೆಯ ಹೆಡ್‌ಲೈಟ್ ಹೊಸದು, ಇನ್ನೊಂದು ಮಸುಕು. ಮುಂದಿನ ಎರಡೂ ಟೈರುಗಳ ಒಳಅಂಚು ಮಾತ್ರ ಬೋಳು. ಮುಖಕ್ಕೆ ಗುದ್ದಿಸಿಕೊಂಡ ಕಾರು.

ಮೂರನೆಯದು ಒಬ್ಬ ಮೇಡಂ ಅವರ ಸ್ವಿಫ್ಟ್ ಸ್ಪೋರ್ಟ್. ಐವತ್ತೈದು ದಾಟಿರಬಹುದು. ಬಾನೆಟ್ ತಣ್ಣಗಿತ್ತು. ನಾನು ಕಾರಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅವರೇ ನನ್ನನ್ನು ಪರೀಕ್ಷೆ ಮಾಡಲು ಶುರುಮಾಡಿದರು.

"ಎಂಜಿನ್ ಬಿಸಿಯಾಗೋ ಮುಂಚೆ ಎಷ್ಟು ಆರ್‌ಪಿಎಂ ತನಕ ಹೋಗ್ತೀರಿ?"

"ಮೂರು ಸಾವಿರ ದಾಟಲ್ಲ ಮೇಡಂ."

"ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಒತ್ತಿಬಿಡ್ತೀರಾ?"

"ಇಲ್ಲ, ಆ ಮುಳ್ಳು ಕೂಲಂಟಿಂದು. ಆಯಿಲ್ ಬಿಸಿಯಾಗಕ್ಕೆ ಇನ್ನೂ ಹತ್ತು ನಿಮಿಷ ಬೇಕು."

"ಬನ್ನಿ, ಕಾಗದ ತೋರಿಸ್ತೀನಿ" ಅಂದರು. ಒಂದು ದಪ್ಪ ಫೈಲು. ಪ್ರತಿ ಸರ್ವೀಸಿನ ಬಿಲ್ಲು, ಅದರ ಮೇಲೆ ಕಿಲೊಮೀಟರು, ಪೆನ್ನಿನಲ್ಲಿ ಟಿಪ್ಪಣಿ. ಓಡೋಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಬಂದರೆ ಅಂಕಿ ಏರುತ್ತಲೇ ಇರಬೇಕು. ಚಾಸಿಸ್ ನಂಬರಿನ 17 ಅಕ್ಷರಗಳನ್ನು ಗಾಜಿನ ಕೆಳಗೆ, ಬಾಡಿಯ ಮೇಲೆ, ನೋಂದಣಿ ಪತ್ರದಲ್ಲಿ, ಮೂರೂ ಕಡೆ ಒಂದೊಂದಾಗಿ ಓದಿ ತಾಳೆ ನೋಡಿದೆ. ಸಾಲ ಬಾಕಿ ಇರಲಿಲ್ಲ.

"ಇಷ್ಟು ಪ್ರೀತಿಯಿಂದ ಇಟ್ಕೊಂಡು ಯಾಕೆ ಮಾರ್ತಿದ್ದೀರಿ?" ಅಂತ ಕೇಳಿದೆ.

"ಮಂಡಿನೋವು. ಟ್ರಾಫಿಕ್ಕಲ್ಲಿ ಕ್ಲಚ್ ಒತ್ತೀ ಒತ್ತೀ ಎಡಗಾಲು ಸೋತುಹೋಗತ್ತೆ. ಆಟೊಮ್ಯಾಟಿಕ್ ತಗೋತಿದ್ದೀನಿ."

ಪಾಪ ಅನ್ನಿಸಿತು.

ಟೆಸ್ಟ್ ಡ್ರೈವಿನಲ್ಲಿ ಮೊದಲು ರೇಡಿಯೊ ಆಫ್, ಕಿಟಕಿ ಇಳಿಸಿ ಓಡಿಸಿದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿದೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು, ಸಿವಿ ಜಾಯಿಂಟ್, ಹೋಗಿದ್ದರೆ ಟಕ್ ಟಕ್ ಅನ್ನಬೇಕು, ಅನ್ನಲಿಲ್ಲ. ಮೂರನೆಯ ಗೇರಿನಿಂದ ಎರಡಕ್ಕೆ ಸ್ವಲ್ಪ ಬೇಗ ಇಳಿಸಿದೆ. ಜೋರಾಗಿ ಓಡಿಸಿದ ಕಾರುಗಳಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಎರಡನೆಯ ಗೇರಿನ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ), ಸವೆದಿದ್ದರೆ ಕರಕರ ಅನ್ನುತ್ತದೆ. ಬೆಣ್ಣೆಯ ಹಾಗೆ ಕೂತಿತು. ನಾಲ್ಕನೆಯ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ನೆಲಕ್ಕೆ ಒತ್ತಿದೆ. ಕ್ಲಚ್ ಜಾರುತ್ತಿದ್ದರೆ ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿಯುತ್ತದೆ. ಜಿಗಿಯಲಿಲ್ಲ. ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸಿತು. ಸ್ಪೋರ್ಟ್ ಕಾರಲ್ಲವೆ, ಹಾಗೇ ಇರುತ್ತೆ ಅಂದುಕೊಂಡೆ.

ಆಮೇಲೆ ನಾಲ್ಕು ಸಾವಿರ ದಾಟಿಸಿದೆ. ಅಲ್ಲಿಯ ತನಕ ಸಭ್ಯವಾಗಿ ಗುನುಗುತ್ತಿದ್ದ ಎಂಜಿನ್ ದನಿ ಬದಲಿಸಿ ಎಳೆಯತೊಡಗಿತು, ಆರೂವರೆ ಸಾವಿರದ ತನಕ ಒಂದೇ ಉಸಿರು. ಪಕ್ಕದ ಸೀಟಿನಲ್ಲಿ ಕೂತಿದ್ದ ಮೇಡಂ ನಗುತ್ತಿದ್ದರು. ನನ್ನ ಚೌಕಾಸಿಯ ಅರ್ಧ ಬಲ ಅಲ್ಲೇ ಹೋಯಿತು.

ಉಳಿದರ್ಧವನ್ನು ಟೈರುಗಳು ಕೊಟ್ಟವು. ಟ್ರೆಡ್, ಅಂದರೆ ಟೈರಿನ ಗೀರುಗಳ ಆಳ, ನೋಡಿದರೆ ನಾಲ್ಕು ಮಿಲಿಮೀಟರ್ ಇದೆ, ಕಣ್ಣಿಗೆ ಇನ್ನೂ ಓಡುವ ಹಾಗೆ. ಆದರೆ ಟೈರಿನ ಪಕ್ಕೆಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಅಂದರೆ 2014ರ 23ನೆಯ ವಾರ ತಯಾರಾದದ್ದು. ಇಲ್ಲಿದ್ದವು ಏಳು ವರ್ಷ ದಾಟಿದ್ದವು, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು. ರಬ್ಬರ್ ಗಟ್ಟಿಯಾದ ಮೇಲೆ ಟ್ರೆಡ್ ಎಷ್ಟಿದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತ ಇಲ್ಲ. ಬ್ರೇಕ್ ಡಿಸ್ಕಿನ ಅಂಚಿಗೆ ಬೆರಳು ತಾಗಿಸಿದರೆ ದಿಣ್ಣೆ ಸಿಕ್ಕಿತು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ, ಅಳೆದು ನೋಡಿದೆ, ಇನ್ನೂ ಬದುಕಿತ್ತು. ಬ್ರೇಕ್ ಆಯಿಲ್ ಮಾತ್ರ ಕಾಫಿ ಬಣ್ಣ. ಅದು ಗಾಳಿಯಲ್ಲಿನ ತೇವ ಹೀರುತ್ತದೆ, ಹೀರಿದ ಮೇಲೆ ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುವುದು ಇದರಿಂದಲೇ.

ಅವತ್ತು ಬೆಲೆ ಮಾತಾಡಲಿಲ್ಲ. ನಾಲ್ಕು ಟೈರು, ಬ್ರೇಕ್ ಆಯಿಲ್, ಮುಂದಿನ ಕಂಟ್ರೋಲ್ ಆರ್ಮ್ ಬುಶ್ (ಚಕ್ರ ಹಿಡಿಯುವ ತೋಳಿನ ರಬ್ಬರ್ ತುಂಡು), ಇಷ್ಟಕ್ಕೆ ಗ್ಯಾರೇಜಿನಲ್ಲಿ ಕೊಟೇಶನ್ ಬರೆಸಿಕೊಂಡು ಮರುದಿನ ಹೋದೆ. "ಕಡಿಮೆ ಮಾಡಿ" ಅನ್ನುವುದಕ್ಕೂ ಒಂದು ಚೀಟಿ ಮುಂದಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೇಡಂ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ, "ಬುಶ್ ನಂಗೆ ಗೊತ್ತಿರಲಿಲ್ಲ" ಅಂದು ಟೈರಿನ ಅರ್ಧ, ಬುಶ್ಶಿನ ಪೂರ್ತಿ ಕಳೆದರು. ಕಾರು 72 ಪಾಲಿಗೆ ಸಿಕ್ಕಿತು.

ಕೊಂಡ ವಾರವೇ ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಪ್ಲಗ್ಗು ಬದಲಾಯಿಸಿದೆ: 4 ಪಾಲು. ಟೈರು ಮತ್ತು ಅಲೈನ್‌ಮೆಂಟಿಗೆ 7, ಬುಶ್ಶಿಗೆ 3, ಇನ್ಶೂರೆನ್ಸ್ ಮತ್ತು ಹೆಸರು ಬದಲಾವಣೆಗೆ 8.

ಹೊಸ ಟೈರು ಹಾಕಿ ಗ್ಯಾರೇಜಿನಿಂದ ಹೊರಟವನಿಗೆ ಹಿಂದಿನಿಂದ ಊಂ ಅನ್ನುವ ಸದ್ದು ಕೇಳಿಸಿತು. ಹಳೆಯ ಗಟ್ಟಿ ಟೈರುಗಳ ಗದ್ದಲದಲ್ಲಿ ಇದು ಅಡಗಿಕೊಂಡಿತ್ತು. ಎಡಕ್ಕೆ ತಿರುಗಿದಾಗ ಜೋರಾಗುತ್ತದೆ, ಬಲಕ್ಕೆ ತಿರುಗಿದಾಗ ತಗ್ಗುತ್ತದೆ. ಎಡಕ್ಕೆ ತಿರುಗಿದರೆ ಭಾರ ಬೀಳುವುದು ಬಲಗಡೆಯ ಚಕ್ರಗಳ ಮೇಲೆ, ಹಾಗಾಗಿ ಹಿಂದಿನ ಬಲ ಚಕ್ರದ ಬೇರಿಂಗ್. ಇನ್ನೆರಡು ಪಾಲು ಹೋಯಿತು. ಟೆಸ್ಟ್ ಡ್ರೈವಿನಲ್ಲಿ ಆ ಸದ್ದು ಕೇಳಿಸಿದ್ದರೂ ಟೈರಿನ ಮೇಲೆ ಹಾಕಿ ಸುಮ್ಮನಾಗಿದ್ದೆ ಅಂತ ಈಗ ಅನುಮಾನ. ಎಂಜಿನ್ ಅಷ್ಟು ಚೆನ್ನಾಗಿ ಹಾಡುವಾಗ ಹಿಂದಿನ ಚಕ್ರದ ಗೊಣಗಾಟ ಯಾರಿಗೆ ಕೇಳಿಸುತ್ತದೆ.

ಉಳಿದದ್ದು 4 ಪಾಲು. ಏಳು ತಿಂಗಳು ಏನೂ ತೊಂದರೆ ಇಲ್ಲ. ಎಂಟನೆಯ ತಿಂಗಳು ಒಂದು ಏರಿನಲ್ಲಿ ಐದನೆಯ ಗೇರಿನಲ್ಲಿ ಒತ್ತಿದಾಗ ಆರ್‌ಪಿಎಂ ಮುಳ್ಳು ತಾನೊಂದೇ ಮೇಲಕ್ಕೆ ಹೋಯಿತು. ಕಾರು ಇದ್ದಲ್ಲೇ ಇತ್ತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಇನ್ನೂ ಕಾರು ಎತ್ತಿಯೂ ಇರಲಿಲ್ಲ, ಪೆಡಲನ್ನು ಎರಡು ಸಲ ಒತ್ತಿ ನನ್ನ ಮುಖ ನೋಡಿದರು.

"ಇದು ಮುಂಚಿಂದಲೂ ಇಷ್ಟು ಗಟ್ಟಿ ಇತ್ತಾ ಸರ್?"

"ಇತ್ತು. ಸ್ಪೋರ್ಟ್ ಕಾರು ಅಲ್ವಾ..."

"ಹಂಗೇನಿಲ್ಲ. ಪ್ಲೇಟು ಸವೀತಾ ಸವೀತಾ ಸ್ಪ್ರಿಂಗ್ ಕೂರೋ ಕೋನ ಬದಲಾಗತ್ತೆ, ಪೆಡಲ್ ಗಟ್ಟಿಯಾಗ್ತಾ ಹೋಗತ್ತೆ. ದಿನಾ ಓಡಿಸೋರಿಗೆ ಗೊತ್ತೇ ಆಗಲ್ಲ, ಕಾಲು ನೋಯತ್ತೆ ಅಷ್ಟೇ."

ಹೊಸ ಕ್ಲಚ್ ಸೆಟ್ಟಿಗೆ 6 ಪಾಲಾಯಿತು, ಎರಡು ಪಾಲು ಸಾಲ. ಕಾರು ಹೊರಗೆ ತಂದು ಪೆಡಲ್ ಒತ್ತಿದರೆ ಕಾಲು ಬೆರಳಲ್ಲೇ ಇಳಿಯುವಷ್ಟು ಹಗುರ. ರಸ್ತೆ ಪಕ್ಕಕ್ಕೆ ನಿಲ್ಲಿಸಿ ಮೇಡಂ ನಂಬರ್ ತೆಗೆದು ಸ್ವಲ್ಪ ಹೊತ್ತು ಫೋನ್ ಹಿಡಿದು ಕೂತಿದ್ದೆ. ಅವರು ಆಗಲೇ ಆಟೊಮ್ಯಾಟಿಕ್ ತಗೊಂಡಿದ್ದರು. ಫೋನ್ ಮಾಡಲಿಲ್ಲ.