ಕಪ್ಪು ಅಗೇಟಿಗೆ ಬೆಳಕು ಹಾಯಿಸಿದ್ದು: ನನ್ನ ಅನುಭವ

ವಿಜಯಪುರದ ಸುತ್ತಲಿನ ಎರೆಹೊಲಗಳಲ್ಲಿ, ದೊಡ್ಡ ಮಳೆ ಬಿದ್ದ ಮರುದಿನ, ಮಣ್ಣು ತೊಳೆದುಹೋದ ಕಡೆ ಅಗೇಟ್ ಕಲ್ಲುಗಳು ಕಾಣಿಸುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಗುಳ್ಳೆಗಳಲ್ಲಿ ಸಿಲಿಕಾ ತುಂಬಿಕೊಂಡು ಆದ ಕಲ್ಲು ಇದು. ಸುತ್ತಲಿನ ಬಸಾಲ್ಟ್ ಎಂಬ ಲಾವಾಶಿಲೆ ಶಿಥಿಲವಾಗಿ ಎರೆಮಣ್ಣಾದರೂ ಇದು ಸವೆಯದೆ ಉಳಿದಿದೆ. ಹಾಗೆ ಆರಿಸಿ ತಂದ ಒಂದು ಉಂಡೆಯೊಳಗೆ ಪಾಚಿಯಂತಹ ಚಿತ್ತಾರವಿರುವುದು ಅದರ ಮುರಿದ ಮುಖದಲ್ಲೇ ತಿಳಿಯುತ್ತಿತ್ತು. ಆದರೆ 6 ಮಿಲಿಮೀಟರ್ ದಪ್ಪಕ್ಕೆ ಸೀಳಿದ ಮೊದಲ ಬಿಲ್ಲೆ ಇದ್ದಿಲಿನಷ್ಟು ಕಪ್ಪಾಗಿತ್ತು.

ಬಣ್ಣವನ್ನು ತಿಳಿಗೊಳಿಸಲು ನಾನು ಮೊದಲು ನಂಬಿದ್ದು ಆಕ್ಸಾಲಿಕ್ ಆಮ್ಲವನ್ನು. ಮೂರು ವಾರ ನೆನೆಸಿಟ್ಟರೂ ಬಿರುಕುಗಳಲ್ಲಿದ್ದ ತುಕ್ಕಿನ ಕಲೆ ಹೋಯಿತೇ ಹೊರತು ಒಳಗಿನ ಕಪ್ಪು ಕದಲಲಿಲ್ಲ, ಏಕೆಂದರೆ ಕಪ್ಪು ಬಣ್ಣ ಕೊಡುವ ಖನಿಜಗಳು ಸಿಲಿಕಾದೊಳಗೇ ಹುದುಗಿದ್ದು ಆಮ್ಲ ಅಲ್ಲಿಗೆ ತಲುಪುವುದಿಲ್ಲ. ಕಾಯಿಸಿ ನೋಡುವ ಯೋಚನೆಯನ್ನೂ ಕೈಬಿಟ್ಟೆ. ಗುಜರಾತಿನ ಖಂಭಾತ್‌ನ ಕುಶಲಕರ್ಮಿಗಳು ಅಗೇಟನ್ನು ಕಾಯಿಸುವುದು ಅದರಲ್ಲಿರುವ ಕಬ್ಬಿಣದ ಅಂಶ ಕೆಂಪಾಗಲೆಂದು. ನನಗೆ ಬೇಕಾಗಿದ್ದುದು ಬೆಳಕು.

ದಾರಿ ತೋರಿಸಿದ್ದು ಅದೇ ಬಿಲ್ಲೆಯ ಅಂಚಿನಿಂದ ಸಿಡಿದ ಒಂದು ಚಕ್ಕೆ. ಬಿಸಿಲಿಗೆ ಹಿಡಿದಾಗ ಅದರ ತೆಳುವಾದ ತುದಿ ಹಸಿರಾಗಿ ಹೊಳೆಯಿತು. ಕಲ್ಲಿನ ಕಪ್ಪು ಅದರ ದಪ್ಪದ ಫಲವೆಂದು ಆಗ ನನಗೆ ಮನವರಿಕೆಯಾಯಿತು. 4 ಮಿಲಿಮೀಟರ್ ಕಲ್ಲು ಬೆಳಕಿನ ಹದಿನಾರನೆಯ ಒಂದು ಪಾಲನ್ನು ಮಾತ್ರ ಬಿಡುವುದಾದರೆ, ಅದೇ ಕಲ್ಲು 2 ಮಿಲಿಮೀಟರಿಗೆ ಇಳಿದಾಗ ನಾಲ್ಕನೆಯ ಒಂದು ಪಾಲನ್ನೂ 1 ಮಿಲಿಮೀಟರಿನಲ್ಲಿ ಅರ್ಧವನ್ನೂ ಬಿಡುತ್ತದೆ. ಆದ್ದರಿಂದ ಕೊನೆಯ ಅರ್ಧ ಮಿಲಿಮೀಟರಿನಲ್ಲಿ ಎಷ್ಟು ನಿಧಾನಿಸಿದರೂ ಕಡಿಮೆಯೇ.

ಮುಂದಿನ ಬಿಲ್ಲೆಯನ್ನು ಡೈಮಂಡ್ ಬ್ಲೇಡಿನಲ್ಲಿ 3 ಮಿಲಿಮೀಟರಿಗೆ ಸೀಳಿ, ಮುಂಭಾಗವನ್ನು ಪೂರ್ತಿ ಮೆರುಗುಗೊಳಿಸಿ, ಆ ಮುಖವನ್ನು ಗಾಜಿನ ತುಂಡಿಗೆ ಕಲ್ಲು ತೇಯುವಾಗ ಹಿಡಿದಿಡಲು ಬಳಸುವ ಡಾಪ್ ಮೇಣದಿಂದ ಅಂಟಿಸಿಕೊಂಡು, ಹಿಂಭಾಗವನ್ನು ಗಾಜಿನ ಹಲಗೆಯ ಮೇಲೆ ನೀರಿನೊಡನೆ 220ರ ತರಿಯ (ಗ್ರಿಟ್) ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ತೇಯತೊಡಗಿದೆ. ಸ್ವಲ್ಪ ತೇಯುವುದು, ತೊಳೆಯುವುದು, ಟಾರ್ಚಿನ ಮೇಲೆ ಹಿಡಿದು ನೋಡುವುದು, ಇದೇ ಕೆಲಸ. ಪಾಚಿಯ ಎಳೆಗಳು ಒಂದೇ ಆಳದಲ್ಲಿರುವುದಿಲ್ಲವಾದ್ದರಿಂದ ಒಂದು ಹಂತದ ನಂತರ ಕಪ್ಪಿನೊಡನೆ ಚಿತ್ತಾರವೂ ತೇದು ಹೋಗುತ್ತದೆ. ನನ್ನ ಎರಡನೆಯ ಬಿಲ್ಲೆಯಲ್ಲಿ ಅತ್ಯಂತ ಸುಂದರವಾದ ಕವಲು ಹೀಗೆಯೇ ಮಾಯವಾಯಿತು, ಮತ್ತು ಆ ನಷ್ಟ ನನ್ನನ್ನು ಇಂದಿಗೂ ಕಾಡುತ್ತದೆ.

ಆ ಮೇಲೆ ಇಡೀ ಬಿಲ್ಲೆಯನ್ನು ಒಂದೇ ಸಮ ತೆಳುವಾಗಿಸುವುದನ್ನು ಬಿಟ್ಟೆ. ಕಡುಗೆಂಪು ಗಾರ್ನೆಟ್ ಹರಳುಗಳ ಬಣ್ಣ ತಿಳಿಯಾಗಲೆಂದು ಅವುಗಳ ಬೆನ್ನನ್ನು ತೋಡುವ ಪದ್ಧತಿ ಬಹಳ ಹಳೆಯದು. ಅದನ್ನೇ ಅಗೇಟಿಗೂ ಅನ್ವಯಿಸಿದೆ. ಅಂಚನ್ನು 2.5 ಮಿಲಿಮೀಟರ್ ಉಳಿಸಿಕೊಂಡು, ತೀರ ಕಪ್ಪಾಗಿರುವ ಭಾಗದ ಹಿಂದೆ ಮಾತ್ರ ಗುಂಡು ತಲೆಯ ಡೈಮಂಡ್ ಬರ್‌ನಿಂದ (ತಿರುಗುತ್ತಾ ಕೊರೆಯುವ ಸಣ್ಣ ತುದಿ) ಆಳವಿಲ್ಲದ ತಟ್ಟೆಯಂತೆ ತೋಡಿದೆ. ಆ ತಗ್ಗಿಗೂ ಮುಂಭಾಗದಷ್ಟೇ ಮೆರುಗು ಬೇಕು, ಏಕೆಂದರೆ ಒರಟಾದ ಹಿಂಬದಿ ಬೆಳಕನ್ನು ಚದುರಿಸಿ ಚಿತ್ತಾರವನ್ನು ಮಬ್ಬಾಗಿಸುತ್ತದೆ. ಸೀರಿಯಂ ಆಕ್ಸೈಡ್ ಎಂಬ ಮೆರುಗುಪುಡಿ ಹಚ್ಚಿದ ಸಣ್ಣ ಫೆಲ್ಟ್ ತುದಿಯಿಂದ ಇದಕ್ಕೆ ಎರಡು ಸಂಜೆಗಳು ಹಿಡಿದವು.

ಸೀಳುವುದಾಗಲಿ ತೋಡುವುದಾಗಲಿ, ನೀರಿಲ್ಲದೆ ಯಾವುದನ್ನೂ ಮಾಡಬಾರದು. ಖಂಭಾತ್‌ನಲ್ಲಿ ಅಗೇಟ್ ತೇಯುವ ಕೆಲಸದವರನ್ನು ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಬಲಿ ತೆಗೆದುಕೊಂಡಿದೆ. ಹವ್ಯಾಸಿಯ ಶ್ವಾಸಕೋಶಕ್ಕೆ ಬೇರೆ ನಿಯಮವಿಲ್ಲ. ಒಣಗಿದ ಕೆಸರನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸುತ್ತೇನೆ.

ಹಾಗೆ ತೋಡಿದ ಬಿಲ್ಲೆಯನ್ನು ಬೆಳ್ಳಿಯಲ್ಲಿ ಕಟ್ಟಿಸುವಾಗ, ಹಿಂದೆ ತಗಡು ಮುಚ್ಚದೆ ಬರೀ ಸುತ್ತಲೂ ಹಿಡಿಯುವಂತೆ ಅಕ್ಕಸಾಲಿಗರನ್ನು ಕೇಳಿಕೊಂಡೆ. ಈಗ ಅದು ಪೂರ್ವದ ಕಿಟಕಿಯಲ್ಲಿ ತೂಗುತ್ತಿದೆ; ಬೆಳಗಿನ ಬಿಸಿಲು ಬಿದ್ದಾಗ ನಡುವಿನ ಹಸಿರು ಮೊದಲು ತಿಳಿಯಾಗುತ್ತದೆ, ದಪ್ಪ ಅಂಚು ಕಪ್ಪಾಗಿಯೇ ಉಳಿಯುತ್ತದೆ.