ಫ್ರೆಟ್ ಮಟ್ಟ ಮಾಡುವ ಸಾಧನ: ನಾನು ಕೊಂಡದ್ದು, ಬಿಟ್ಟದ್ದು

ಗಿಟಾರ್ ರಿಪೇರಿಗೆ ಇಳಿಯುವವರ ಕಣ್ಣು ಮೊದಲು ಬೀಳುವುದು ಉಜ್ಜುವ ಸಾಮಾನಿನ ಮೇಲೆ. ನಾನು ಮೊದಲು ಹಣ ಹಾಕಿದ್ದು ಅಳೆಯುವ ಸಾಮಾನಿಗೆ. ತಂತಿ ಜರ್ರೆಂದ ಮಾತ್ರಕ್ಕೆ ಫ್ರೆಟ್, ಅಂದರೆ ತಂತಿಗಳ ಕೆಳಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ, ಎತ್ತರವಾಗಿದೆ ಎಂದೇನೂ ಅಲ್ಲ. ನೆಕ್ (ಗಿಟಾರಿನ ಕತ್ತು) ಬಾಗಿರಬಹುದು, ಫ್ರೆಟ್ ತಾನು ಕೂತ ಸೀಳಿನಿಂದ ತುಸು ಮೇಲೆದ್ದಿರಬಹುದು. ವೀಣೆಯಾದರೆ ಮೇಣ ಕಾಯಿಸಿ ಮೆಟ್ಟಿಲನ್ನು ಮತ್ತೆ ಕೂರಿಸಬಹುದು. ಗಿಟಾರಿನಲ್ಲಿ ಇರುವುದೇ ಒಂದು ಮಿಲಿಮೀಟರ್ ಆಸುಪಾಸಿನ ಲೋಹ, ಉಜ್ಜಿದ್ದು ಉಜ್ಜಿಹೋಯಿತು.

ಹಾಗಾಗಿ ಮೊದಲು ಕೊಂಡದ್ದು ಫ್ರೆಟ್ ಬರುವ ಕಡೆಯೆಲ್ಲ ಕಚ್ಚು ತೆಗೆದ ಉಕ್ಕಿನ ನೇರಪಟ್ಟಿ. ಅದು ಫ್ರೆಟ್‌ಗಳನ್ನು ತಪ್ಪಿಸಿ ಮರದ ಮೇಲೇ ಕೂರುತ್ತದೆ. ನೆಕ್ ಒಳಗಿನ ಬಾಗು ತಿದ್ದುವ ಕಂಬಿಯಾದ ಟ್ರಸ್ ರಾಡ್ ತಿರುಗಿಸಿ, ಫ್ರೆಟ್ ಕೂತ ಮರದ ಬೋರ್ಡನ್ನು ನೇರ ಮಾಡಿಕೊಂಡ ಮೇಲೆಯೇ ಉಳಿದ ಕೆಲಸ. ಕೊಳ್ಳುವಾಗ ನಿಮ್ಮ ಗಿಟಾರಿನ ತಂತಿಯ ಉದ್ದ (ಮಿಡಿಯುವ ಭಾಗದ್ದು) ನೋಡಿ, ಕಚ್ಚುಗಳು ಅದಕ್ಕೆ ಹೊಂದಬೇಕು: ಫೆಂಡರ್ ಮಾದರಿಗೆ 25.5 ಇಂಚು, ಗಿಬ್ಸನ್ ಮಾದರಿಗೆ 24.75. ಜೊತೆಗೆ ಫ್ರೆಟ್ ರಾಕರ್ ಎಂಬ ಪುಟ್ಟ ಬಿಲ್ಲೆ ಬೇಕು. ಮೂರು ಫ್ರೆಟ್‌ಗಳ ಮೇಲಿಟ್ಟು ಬೆರಳಿನಿಂದ ಒತ್ತಿದಾಗ ಟಕ್ ಟಕ್ ಎಂದು ಅಲುಗಿದರೆ ನಡುವಿನದು ಎತ್ತರ. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜಿಗೆ ಸಂಗೀತದ ಅಂಗಡಿ ಹುಡುಕಬೇಡಿ. ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್ ಹೊಂದಿಸಲು ಬಳಸುವುದೇ ಸಾಕು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ.

ಇನ್ನು ಉಜ್ಜುವ ಸಾಮಾನು. ಹೊಟ್ಟೆಯಲ್ಲಿ ಬಾಗು ಇರುವ ರೇಡಿಯಸ್ ಬ್ಲಾಕನ್ನು ಫ್ರೆಟ್ ಮೇಲೂ ಎಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಂತಿಗಳು ನಟ್‌ನಿಂದ (ನೆಕ್ ತುದಿಯ ಆಸರೆ) ಬ್ರಿಜ್ (ಒಡಲ ಮೇಲಿನ ಆಸರೆ) ಕಡೆಗೆ ಹರಡಿಕೊಂಡು ಹೋಗುತ್ತವೆ, ಬ್ಲಾಕ್ ಮಾತ್ರ ನೆಕ್‌ನ ನಡುಗೆರೆ ಹಿಡಿದು ಸಾಗುತ್ತದೆ. ಕೈ ಕೊಂಚ ವಾಲಿದರೂ ಒಂದು ಬದಿಯ ಫ್ರೆಟ್ ತುದಿಗಳು ಸವೆಯುತ್ತವೆ. ಫ್ರೆಟ್ ಕಿತ್ತು ಬರಿಯ ಮರವನ್ನು ತಿದ್ದುವಾಗ ಮಾತ್ರ ಬ್ಲಾಕ್ ಸರಿ. ಆಗಲೂ ಬಾಗಿನ ತ್ರಿಜ್ಯ ಬೋರ್ಡಿಗೆ ಹೊಂದಬೇಕು: ಹಳೆಯ ಫೆಂಡರಿಗೆ 7.25 ಇಂಚು, ಈಗಿನ ಹಲವಕ್ಕೆ 9.5, ಗಿಬ್ಸನ್‌ಗೆ ಸಾಮಾನ್ಯವಾಗಿ 12.

ಫ್ರೆಟ್‌ಗೆ ನಾನು ಬಳಸುವುದು ಕಿಟಕಿ ಮಾಡುವವರ ಬಳಿ ಸಿಗುವ ಅಲ್ಯುಮಿನಿಯಂ ಚೌಕ ಕೊಳವೆಯ 18 ಇಂಚಿನ ತುಂಡು. ಅಂಗಡಿಯಿಂದ ತಂದದ್ದು ನೇರವಿರುತ್ತದೆ ಎಂದು ನಂಬುವಂತಿಲ್ಲ. 12 ಮಿಲಿಮೀಟರ್ ದಪ್ಪದ ಗಾಜನ್ನು ಅಲುಗದ ಮೇಜಿನ ಮೇಲಿಟ್ಟು ಉಪ್ಪುಕಾಗದ ಅಂಟಿಸುತ್ತೇನೆ. ಕೊಳವೆಯ ಮುಖಕ್ಕೆ ಮಾರ್ಕರ್‌ನಿಂದ ಅಡ್ಡಗೆರೆ ಎಳೆದು, ಎಲ್ಲ ಗೆರೆಗಳೂ ಒಟ್ಟಿಗೆ ಅಳಿಯುವವರೆಗೆ ಉಜ್ಜುತ್ತೇನೆ. ಆಮೇಲೆ ಅದಕ್ಕೆ 320 ಗ್ರಿಟ್‌ನ ಉಪ್ಪುಕಾಗದವನ್ನು ತೆಳುವಾದ ಎರಡು ಬದಿ ಅಂಟಿನ ಟೇಪಿನಿಂದ ಅಂಟಿಸುವುದು. ಫೋಮ್ ಟೇಪ್ ಬೇಡ. ಅದು ಒತ್ತಿಗೆ ಕುಸಿದು ಮೊದಲ ಮತ್ತು ಕೊನೆಯ ಫ್ರೆಟ್‌ಗಳನ್ನು ಹೆಚ್ಚು ತಿನ್ನುತ್ತದೆ. ಫ್ರೆಟ್ ತಲೆಗಳಿಗೂ ಮಾರ್ಕರ್ ಬಳಿದು, ಒಂದೊಂದು ತಂತಿಯ ದಾರಿಯಲ್ಲೇ, ಕೊಳವೆಯ ಸ್ವಂತ ಭಾರದಲ್ಲಿ ಎಳೆಯುತ್ತೇನೆ.

ಚಪ್ಪಟೆಯಾದ ತಲೆಯನ್ನು ಮತ್ತೆ ಗುಂಡಗೆ ಮಾಡಲು ಬರುವ ವಿಶೇಷ ಅರ ದುಬಾರಿ. ಸಾಧಾರಣ ಮುಮ್ಮೂಲೆ ಅರದ ಅಂಚುಗಳನ್ನು ಸಾಣೆಗೆ ಹಿಡಿದು ನುಣುಪು ಮಾಡಿಕೊಂಡರೆ ಮರಕ್ಕೆ ಗೀರು ಬೀಳುವುದಿಲ್ಲ, ನಿಧಾನವಾದರೂ ಕೆಲಸ ಆಗುತ್ತದೆ. ನೆತ್ತಿಯಲ್ಲಿ ಮಾರ್ಕರಿನ ದಾರದಷ್ಟು ಗೆರೆ ಉಳಿಯುತ್ತಲೇ ಕೈ ನಿಲ್ಲಿಸಬೇಕು. ಹೊಳಪಿಗೆ ಸ್ಟೀಲ್ ವುಲ್ ಬಳಸುವುದಾದರೆ ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಿಗೆ ಮೊದಲೇ ಟೇಪ್ ಹಚ್ಚಿ, ಇಲ್ಲವಾದರೆ ಅವುಗಳ ಅಯಸ್ಕಾಂತ ಆ ಚೂರುಗಳನ್ನೆಲ್ಲ ಎಳೆದಿಟ್ಟುಕೊಳ್ಳುತ್ತದೆ.